ಹೆಣ್ಣು ಕುರಿಮರಿ ಬೆಳೆಯುತ್ತಾ ಹೋದ ಹಾಗೆ ಅದಕ್ಕೆ ನಮ್ಮ ಕಡೆ ಏನಂತಾರೆ?

ಸೋಂದಾ ತೋಟ:
ಎಲ್ಲರಿಗೂ ನಮಸ್ಕಾರ. ಮಗಳು ಪಶುವೈದ್ಯಕೀಯ ಓದಿ ಈಗ ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಇದ್ದಾಳೆ. ಗುಡ್ಡದ ಮೇಲೆ ಕುರಿ ಸಾಕುವವರ ನಡುವೆ ಕೆಲಸ. ಮೊನ್ನೆ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದಳು. ನನಗೂ ಗೊತ್ತಿಲ್ಲ, ಅವಳ ಆಯಿಗೂ ಗೊತ್ತಿಲ್ಲ. ಎರಡು ದಿನದಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ.

ಅಲ್ಲಿ ಹೆಣ್ಣು ಕುರಿಗೆ ಪ್ರಾಯ ಏರಿದ ಹಾಗೆ ಹೆಸರು ಬದಲಾಗುತ್ತದೆ. ಹುಟ್ಟಿದಾಗ ಗಿಮ್ಮರ್ ಲ್ಯಾಂಬ್. ತಾಯಿಹಾಲು ಬಿಟ್ಟ ಮೇಲೆ, ಮೊದಲ ಸಲ ಉಣ್ಣೆ ಕತ್ತರಿಸುವ ತನಕ ಗಿಮ್ಮರ್ ಹಾಗ್. ಮೊದಲ ಉಣ್ಣೆ ತೆಗೆದ ದಿನದಿಂದ ಎರಡನೇ ಸಲ ತೆಗೆಯುವ ತನಕ ಬರೀ ಗಿಮ್ಮರ್. ಕೆಲವರು ಶಿಯರ್ಲಿಂಗ್ ಅಂತಲೂ ಹೇಳುತ್ತಾರೆ. ಆಮೇಲೆ ಅದು ಯೂ, ಅಂದರೆ ದೊಡ್ಡ ಹೆಣ್ಣು ಕುರಿ. ಇದು ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಕಡೆಯ ಮಾತು. ಕೆಳಗೆ ದಕ್ಷಿಣಕ್ಕೆ ಇಳಿದರೆ ಅದೇ ಪ್ರಾಯದ ಕುರಿ ಥೀವ್ ಆಗುತ್ತದೆ. ನೈಋತ್ಯದ ಮೂಲೆಯಲ್ಲಿ ಹೆಣ್ಣುಮರಿಗೆ ಚಿಲ್ವರ್.

ಮಗಳು ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಒಂದು ಕಡೆ ಅಲ್ಲಿಯ ಮಾತು, ಎದುರಿಗೆ ಕನ್ನಡದ್ದು. ಗೊರಸು, ಕೆಚ್ಚಲು, ಗಿಣ್ಣು ಎಲ್ಲ ಬರೆದಾಗಿದೆ. ಗಿಮ್ಮರ್ ಎದುರಿಗೆ ಖಾಲಿ. "ಅಪ್ಪಯ್ಯ, ಮಣಕ ಅಂತ ಬರೆಯಲಾ?" ಅಂತ ಕೇಳಿದಳು. ಬೇಡ, ಅದು ದನಕ್ಕೆ ಹೇಳೋದು, ವಿಚಾರಿಸಿ ಹೇಳ್ತೆ ಅಂದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಹೊನ್ನಾವರ ಶರಾವತಿ:
ಹಾಗ್ ಅಂದ್ರೆ ಹಂದಿ ಅಲ್ವಾ?

ಸೋಂದಾ ತೋಟ:
ನಾನೂ ಅದನ್ನೇ ಕೇಳಿದೆ. ಕುರಿಯ ಹಾಗ್‌ಗೆ ಬರೆಯುವಾಗ ಕೊನೆಯಲ್ಲಿ ಎರಡು ಜಿ ಹಾಕುವ ರೂಢಿ ಇದೆಯಂತೆ. ಹಾಗೆಟ್ ಅಂತಲೂ ಹೇಳುತ್ತಾರೆ. ಆ ಪ್ರಾಯದ ಕುರಿಯ ಮಾಂಸವನ್ನೂ ಅದೇ ಹೆಸರಲ್ಲಿ ಮಾರುತ್ತಾರೆ. ಎಳೆಯದು ಲ್ಯಾಂಬ್, ನಡುವಿನದು ಹಾಗೆಟ್, ಬಲಿತದ್ದು ಮಟನ್.

ಅಂಕೋಲಾ ಅಕ್ಕ:
ನಮ್ಮ ಕಡೆ ಕುರಿಯೇ ಇಲ್ಲ ಮಾರಾಯ್ರೆ, ಹೆಸರು ಎಲ್ಲಿಂದ ಬರಬೇಕು? ನಾನು ಹತ್ತಿರದಿಂದ ಕುರಿ ನೋಡಿದ್ದೇ ಹುಬ್ಬಳ್ಳಿ ಕಡೆ ಮದುವೆಗೆ ಹೋದಾಗ. ಆಡಾದರೆ ಕೇಳಿ, ಹೇಳ್ತೇನೆ. ಹೆಣ್ಣು ಆಡು, ಗಂಡು ಹೋತ, ಮರಿ ಮರಿಯೇ.

ಭಟ್ಕಳ ಬದಿ:
ದನದ ವಿಷಯಕ್ಕೆ ಬಂದರೆ ನಾವು ಮಣಕ ಅನ್ನೋದಿಲ್ಲ, ಕಡಸು ಅಂತೇವೆ. ಕರು ಹಾಕದ, ಪ್ರಾಯಕ್ಕೆ ಬಂದ ಹೆಣ್ಣು. ತುಳುವಿನಲ್ಲಿ ಗಡಸು ಅಂತಾರೆ. ತಮಿಳಿನವರ ಕಿಡಾರಿಯೂ ಇದೇ. ಹಳೆಯ ಮಾತು ಕಡಸು. ಮಣಕ ಎಲ್ಲ ಘಟ್ಟದ ಮೇಲಿನವರದ್ದು.

ಸಿದ್ದಾಪುರ ಕೊಟ್ಟಿಗೆ:
ಘಟ್ಟದ ಮೇಲಿನದಾದರೆ ಏನಾಯಿತು? ನಮ್ಮಲ್ಲಿ ಕರು, ಮಣಕ, ಚೊಚ್ಚಲು, ಆಮೇಲೆ ಆಕಳು. ಒಂದೊಂದಕ್ಕೂ ಒಂದು ಮಾತು. ಮಣಕ ಅಂದ ಕೂಡಲೇ ಕಣ್ಣ ಮುಂದೆ ಆ ರೂಪ ಬರುತ್ತದೆ. ಮೈ ತುಂಬಿದೆ, ಕೊಂಬು ತಿರುಗುತ್ತಿದೆ, ಕಟ್ಟಿದ ಹಗ್ಗ ಜಗ್ಗುತ್ತಿದೆ.

ಅಂದ ಹಾಗೆ ನಮ್ಮನೆಯಲ್ಲೂ ಒಂದು ಮಲೆನಾಡ ಗಿಡ್ಡ ಮಣಕ ಇದೆ. ಮೊದಲ ಗಬ್ಬ. ಒಂಬತ್ತು ತಿಂಗಳು ತುಂಬಿ ನಾಲ್ಕು ದಿನ ಆಯಿತು. ಕೆಚ್ಚಲು ಇನ್ನೂ ಸಣ್ಣದೇ ಇದೆ. ಹೆದರಬೇಕಾ?

ನಿವೃತ್ತ ಪಶುವೈದ್ಯ:
ಸಿದ್ದಾಪುರದವರೇ, ಹೆದರಬೇಡಿ. ಆಕಳಿಗೆ 280 ದಿನದ ಆಚೆ ಈಚೆ. ಚೊಚ್ಚಲಿಗೆ ಕೆಚ್ಚಲು ಕಡೆಯ ಒಂದೆರಡು ದಿನದಲ್ಲಿ ಏರುವುದೂ ಉಂಟು. ಬಾಲದ ಬುಡದ ಎರಡೂ ಪಕ್ಕ ಮುಟ್ಟಿ ನೋಡಿ. ಬಿಗಿಯಾಗಿದ್ದ ನರ ಸಡಿಲವಾಗಿ ಅಲ್ಲಿ ಕುಳಿ ಬಿದ್ದರೆ ದಿನ ಹತ್ತಿರ ಬಂತು ಅಂತ ತಿಳಿಯಿರಿ. ನೀರಿನ ಚೀಲ ಒಡೆದು ಎರಡು ತಾಸಾದರೂ ಕರುವಿನ ಕಾಲು ಕಾಣದಿದ್ದರೆ ಮಾತ್ರ ಡಾಕ್ಟರಿಗೆ ಫೋನ್ ಮಾಡಿ. ನೀವೇ ಎಳೆಯಲು ಹೋಗಬೇಡಿ.

ಈಗ ಮೂಲ ಪ್ರಶ್ನೆ. ಇಂಗ್ಲೆಂಡಿನ ಉತ್ತರದವರು ಪ್ರಾಯ ಲೆಕ್ಕ ಹಾಕುವುದು ಉಣ್ಣೆಯಿಂದ. ಅಲ್ಲಿ ವರ್ಷಕ್ಕೆ ಒಂದೇ ಸಲ, ಬೇಸಿಗೆಯಲ್ಲಿ ಕತ್ತರಿಸುತ್ತಾರೆ. ವಸಂತದಲ್ಲಿ ಹುಟ್ಟಿದ ಮರಿಗೆ ಆ ವರ್ಷ ಕತ್ತರಿ ಹಾಕುವುದಿಲ್ಲ. ಮುಂದಿನ ಬೇಸಿಗೆಗೆ ಮೊದಲ ಕಟಾವು. ಆಗ ಅದಕ್ಕೆ ಹದಿನಾಲ್ಕು ಹದಿನೈದು ತಿಂಗಳು. ಹಾಗಾಗಿ ಗಿಮ್ಮರ್ ಅಂದರೆ ಸುಮಾರು ಒಂದೂಕಾಲು ವರ್ಷದಿಂದ ಎರಡೂಕಾಲು ವರ್ಷದ ಹೆಣ್ಣು. ಮೊದಲ ಸಲ ಟಗರಿಗೆ ಬಿಡುವುದೂ ಹೆಚ್ಚಾಗಿ ಇದೇ ಪ್ರಾಯದಲ್ಲಿ. ಕುರಿಯ ಗಬ್ಬ ಐದು ತಿಂಗಳು.

ನಮ್ಮ ರಾಜ್ಯದ ಡೆಕ್ಕನಿ ಕುರಿಗೆ ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುವ ರೂಢಿ. ಉಣ್ಣೆ ಲೆಕ್ಕ ಇಟ್ಟುಕೊಂಡು ಪ್ರಾಯ ಹೇಳಲು ಹೋದರೆ ಗೊಂದಲವೇ ಆಗುತ್ತದೆ. ನಮ್ಮವರು ನೋಡುವುದು ಹಲ್ಲು.

ಮುಂಡಗೋಡ ಹಟ್ಟಿ:
ಡಾಕ್ಟರ್ ಸರಿಯಾಗಿ ಹೇಳಿದರು. ನಾವು ಕುರಿ ಸಾಕಿದ ಮನೆತನದವರು. ಅಜ್ಜನ ಕಾಲದಲ್ಲಿ ಹಾವೇರಿ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತೆವು. ನಮ್ಮಪ್ಪ ಈಗಲೂ ನಲವತ್ತು ಕುರಿ ಇಟ್ಟಿದ್ದಾರೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೆಯದು. ಕುರಿ ಅಂದರೇನೇ ಹೆಣ್ಣು. ಗಂಡಿಗೆ ಟಗರು ಅಂತ ಬೇರೆ ಹೆಸರು ಇದೆ. ಹಿಂಡು ತೋರಿಸಿ "ಕುರಿ" ಅಂದರೆ ಎಲ್ಲವೂ ಸೇರಿತು. ಒಂದನ್ನು ತೋರಿಸಿ "ಇದು ಕುರಿ" ಅಂದರೆ ಹೆಣ್ಣು ಅಂತಲೇ ಅರ್ಥ.

ಎರಡನೆಯದು ಪ್ರಾಯ. ಹುಟ್ಟಿದ್ದು ಹೆಣ್ಣುಮರಿ. ಹಾಲಿನ ಹಲ್ಲು ಇರುವ ತನಕ ಹಾಲಲ್ಲು. ಕೆಳದವಡೆಯ ಮುಂದೆ ಎಂಟು ಹಲ್ಲು ಇರುತ್ತವೆ, ಮೇಲೆ ಮುಂದಿನ ಹಲ್ಲೇ ಇಲ್ಲ. ಆ ಎಂಟರಲ್ಲಿ ನಡುವಿನ ಎರಡು ಬಿದ್ದು ದೊಡ್ಡ ಹಲ್ಲು ಬಂದರೆ ಎರಡಲ್ಲು. ಆಮೇಲೆ ನಾಲ್ಕಲ್ಲು, ಆರಲ್ಲು, ಎಂಟಲ್ಲು. ಎಂಟೂ ಬಂದರೆ ಬಾಯಿ ಕೂಡಿತು ಅಂತೇವೆ. ಎರಡಲ್ಲು ಬರುವುದು ಒಂದರಿಂದ ಒಂದೂವರೆ ವರ್ಷದ ಒಳಗೆ. ಅಲ್ಲಿಂದ ವರ್ಷಕ್ಕೆ ಒಂದು ಜೋಡಿ ಅಂತ ಹಿಡಿದರೆ ಲೆಕ್ಕ ಜಾಸ್ತಿ ತಪ್ಪುವುದಿಲ್ಲ. ಟಗರಿನ ಕಾಳಗದಲ್ಲೂ ಹೀಗೇ. ಹಾಲಲ್ಲಿನ ಮರಿ, ಎರಡಲ್ಲು, ನಾಲ್ಕಲ್ಲು ಅಂತ ಬೇರೆ ಬೇರೆ ಜೋಡಿ ಮಾಡುತ್ತಾರೆ.

ಮೂರನೆಯದು, ಮಗಳು ಮಣಕ ಅಂತ ಬರೆಯೋದು ಬೇಡ. ಸಂತೆಯಲ್ಲಿ "ಕುರಿ ಮಣಕ" ಅಂದರೆ ಯಾರಿಗೂ ತಿಳಿಯೋದಿಲ್ಲ. ಆಕಳಿಗೆ, ಎಮ್ಮೆಗೆ ಮಣಕ. ಕುರಿಗೆ ಅಲ್ಲ.

ಕುಮಟಾ ಮೇಷ್ಟ್ರು:
ನನ್ನ ಅಭಿಪ್ರಾಯ ಬೇರೆ. ಮಾತು ಬೆಳೆಯುವುದೇ ಹೀಗೆ ಅಲ್ವಾ? ದನಕ್ಕೆ ಇದ್ದ ಮಾತನ್ನು ಎಮ್ಮೆಗೆ ತಂದರು. ಕುರಿಗೂ ತಂದರೆ ತಪ್ಪೇನು? "ಎರಡಲ್ಲಿನ ಹೆಣ್ಣುಮರಿ" ಅಂತ ಹೇಳುವ ಬದಲು "ಕಡಸುಗುರಿ" ಅಂದರೆ ಚೆನ್ನಾಗಿದೆ. ಚಿಕ್ಕದಾಗಿದೆ. ಇಂಗ್ಲಿಷಿನವರಿಗೆ ಒಂದು ಮಾತಿದ್ದರೆ ನಮಗೂ ಒಂದು ಇರಲಿ.

ಮುಂಡಗೋಡ ಹಟ್ಟಿ:
ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ. ಆದರೆ ನಮಗೆ ಮಾತು ಇಲ್ಲ ಅಂತ ನೀವು ಅಂದುಕೊಂಡಿದ್ದೀರಿ. ಇದೆ. ಎರಡಲ್ಲು. ಇದು ಕನ್ನಡವೇ. ನಮ್ಮಪ್ಪ ದಿನಾ ಆಡುವ ಮಾತು. ಬಳಸುವವರ ಬಾಯಲ್ಲಿ ಇರುವ ಮಾತು ಬಿಟ್ಟು, ಕುರಿ ಕಾಯದವರು ಕೂತು ಹೊಸದು ಕಟ್ಟಿದರೆ ಅದನ್ನು ಯಾರು ಆಡಬೇಕು?

ಕುಮಟಾ ಮೇಷ್ಟ್ರು:
ಎರಡಲ್ಲು ಅನ್ನೋದು ಟಗರಿಗೂ ಆಗುತ್ತದೆ. ಹೆಣ್ಣು ಅಂತ ಹೇಗೆ ಗೊತ್ತಾಗಬೇಕು? ನಾನು ಕೇಳುತ್ತಿರುವುದು ಅಷ್ಟೇ.

ಮುಂಡಗೋಡ ಹಟ್ಟಿ:
ಎರಡಲ್ಲು ಕುರಿ ಅಂದರೆ ಹೆಣ್ಣು. ಎರಡಲ್ಲು ಟಗರು ಅಂದರೆ ಗಂಡು. ಮೊದಲೇ ಬರೆದಿದ್ದೇನೆ, ಕುರಿ ಅಂದರೇನೇ ಹೆಣ್ಣು.

ಸೋಂದಾ ತೋಟ:
ಇದು ನನಗೆ ಹೊಳೆದೇ ಇರಲಿಲ್ಲ. ಎರಡಲ್ಲು ಕುರಿ. ಎರಡೇ ಮಾತಿನಲ್ಲಿ ಪ್ರಾಯವೂ ಬಂತು, ಹೆಣ್ಣು ಅನ್ನೋದೂ ಬಂತು.

ಕಾರವಾರ ಕಾಳಿ:
ನಮ್ಮ ಮನೆಮಾತು ಕೊಂಕಣಿ. ಆಡಿಗೆ ಬೊಕ್ಡಿ, ಕರುವಿಗೆ ವಾಸ್ರೂಂ. ಕುರಿಗೆ ಮನೆಯಲ್ಲಿ ಯಾವ ಮಾತೂ ಕೇಳಿದ ನೆನಪಿಲ್ಲ, ಯಾಕೆಂದರೆ ನಮ್ಮ ಕೇರಿಯಲ್ಲಿ ಕುರಿಯೇ ಇರಲಿಲ್ಲ. ಮೀನಿನ ಹೆಸರು ಕೇಳಿ, ಸಂಜೆ ತನಕ ಹೇಳುತ್ತೇನೆ. ಅದರಲ್ಲೂ ಸಣ್ಣದಕ್ಕೆ ಒಂದು ಹೆಸರು, ದೊಡ್ಡದಕ್ಕೆ ಒಂದು.

ಯಲ್ಲಾಪುರ ಘಟ್ಟ:
ನಮ್ಮ ಊರಿನ ಪಕ್ಕ ಗೌಳಿವಾಡೆ ಇದೆ. ದನಗರ ಗೌಳಿಯವರು. ಮಹಾರಾಷ್ಟ್ರದಲ್ಲಿ ದನಗರ ಅಂದರೆ ಕುರಿ ಕಾಯುವವರು. ನಮ್ಮ ಕಾಡಿಗೆ ಬಂದು ನಿಂತ ಇವರು ಸಾಕುವುದು ಎಮ್ಮೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಎಲ್ಲ ಕಡೆ ಹೀಗೇ. ಆಡುವುದು ಮರಾಠಿ ಹೋಲುವ ಮಾತು. ಮರಾಠಿಯಲ್ಲಿ ಎಮ್ಮೆಕರುವಿಗೆ ರೇಡಕು, ಆಕಳಿನ ಮಣಕಕ್ಕೆ ಕಾಲವಡ. ಇನ್ನೂ ಮರಿ ಹಾಕದ ಎಳೆಯ ಹೆಣ್ಣು ಆಡಿಗೆ ಪಾಟ ಅಂತ ಬೇರೆಯೇ ಒಂದು ಮಾತಿದೆ. ಸೋಂದಾದವರ ಮಗಳು ಹುಡುಕುತ್ತಿರುವ ಥರದ್ದೇ.

ಹೊನ್ನಾವರ ಶರಾವತಿ:
ಒಂದು ಸಂಶಯ. ನಮ್ಮಲ್ಲಿ ಮಳೆ ಜಾಸ್ತಿ, ಅದಕ್ಕೇ ಕುರಿ ಇಲ್ಲ ಅಂತಾರೆ. ಆ ಕಂಬ್ರಿಯಾದಲ್ಲಿ ಮಳೆ ಇಲ್ವಾ?

ಸೋಂದಾ ತೋಟ:
ಇದೆ. ಚೆನ್ನಾಗಿ ಇದೆ. ಅಲ್ಲಿ ಸೀತ್‌ವೇಟ್ ಅಂತ ಒಂದು ಊರು. ವರ್ಷಕ್ಕೆ 3000 ಮಿಲಿಮೀಟರ್ ದಾಟುತ್ತದೆ. ನಮ್ಮ ಕರಾವಳಿಯ ಮಳೆಗೆ ಹತ್ತಿರವೇ. ಅಂಥ ಕಡೆಯೂ ಹರ್ಡ್‌ವಿಕ್ ಅನ್ನುವ ಕುರಿ ಚಳಿಗಾಲ ಪೂರ್ತಿ ಗುಡ್ಡದ ಮೇಲೇ ಇರುತ್ತದೆ. ಮರಿ ಹುಟ್ಟುವಾಗ ಕಪ್ಪು, ಬೆಳೆದ ಹಾಗೆ ಬೂದು ಬಣ್ಣ. ಮಗಳು ಫೋಟೋ ಕಳಿಸಿದ್ದಳು.

ನಿವೃತ್ತ ಪಶುವೈದ್ಯ:
ಅಲ್ಲಿ ಮಳೆ ಜೊತೆ ಚಳಿ. ನಮ್ಮಲ್ಲಿ ಮಳೆ ಜೊತೆ ಸೆಕೆ. ವ್ಯತ್ಯಾಸ ಅಲ್ಲಿದೆ. ಸೆಕೆ ಮತ್ತು ಒದ್ದೆ ಸೇರಿದರೆ ಹೊಟ್ಟೆಯ ಜಂತುಹುಳ ಬೇಗ ಬೇಗ ಹೆಚ್ಚುತ್ತವೆ. ನೀರು ನಿಂತ ಗದ್ದೆಯಲ್ಲಿ ಬಸವನಹುಳು ಇರುತ್ತವೆ, ಅವುಗಳ ಮೂಲಕ ಲಿವರ್ ಫ್ಲೂಕ್ ಬರುತ್ತದೆ. ಗೊರಸಿನ ಸಂದು ಕೊಳೆಯುತ್ತದೆ. ಲಿವರ್ ಫ್ಲೂಕ್, ಗೊರಸು ಕೊಳೆ ಅವರಲ್ಲೂ ಇವೆ, ಇಲ್ಲ ಅಂತಲ್ಲ. ಆದರೆ ಅವರ ತಳಿ ನೂರಾರು ವರ್ಷದಿಂದ ಆ ಗುಡ್ಡಕ್ಕೇ ಒಗ್ಗಿದೆ. ಡೆಕ್ಕನಿ ಕುರಿ ಒಗ್ಗಿದ್ದು ಒಣ ಬಯಲಿಗೆ. ಅದನ್ನು ಜೂನ್ ತಿಂಗಳಲ್ಲಿ ಅಂಕೋಲಾಕ್ಕೆ ತಂದರೆ ಬದುಕುವುದು ಕಷ್ಟ. ನನ್ನ ಕೆಲಸದ ಕಾಲದಲ್ಲಿ ಒಬ್ಬರು ಹಟ ಹಿಡಿದು ಇಪ್ಪತ್ತು ಕುರಿ ತಂದಿದ್ದರು. ಚೌತಿ ಹಬ್ಬದ ಹೊತ್ತಿಗೆ ಆರು ಉಳಿದವು. ಎಷ್ಟು ಔಷಧಿ ಕೊಟ್ಟರೂ ಆಗಲಿಲ್ಲ. ಆ ನೋವು ಇನ್ನೂ ಇದೆ.

ಬನವಾಸಿ ಗದ್ದೆ:
ಕುರಿ ಇಲ್ಲವೇ ಇಲ್ಲ ಅಂತ ಹೇಳಬೇಡಿ. ನಮ್ಮ ಕಡೆ ಭತ್ತದ ಕೊಯ್ಲು ಮುಗಿದ ಮೇಲೆ ಬಯಲುಸೀಮೆಯಿಂದ ಹಿಂಡು ಬರುತ್ತದೆ. ರಾತ್ರಿ ಗದ್ದೆಯಲ್ಲಿ ಕುರಿ ನಿಲ್ಲಿಸುತ್ತೇವೆ. ಹಿಕ್ಕೆ, ಗಂಜಲ ಎರಡೂ ಮಣ್ಣಿಗೆ ಬೀಳುತ್ತವೆ. ನನ್ನ ಅಜ್ಜ ಕುರಿ ನಿಂತ ಗದ್ದೆಗೆ ಆ ವರ್ಷ ಬೇರೆ ಗೊಬ್ಬರ ಹಾಕುತ್ತಿರಲಿಲ್ಲ. ಕುರಿಗಾರರಿಗೆ ಅಕ್ಕಿ ಕೊಡುತ್ತಿದ್ದರು, ಈಗ ದುಡ್ಡು.

ಇನ್ನೊಂದು. ಶಿರಸಿ, ಸಿದ್ದಾಪುರದವರು ಕುರಿ ಸಾಕದಿದ್ದರೂ ಕಂಬಳಿ ಬಿಟ್ಟು ಮಳೆಗಾಲ ಕಳೆದವರಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡೇ ನೆಟ್ಟಿ ಮಾಡಿದ್ದು. ಆ ಉಣ್ಣೆ ಎಲ್ಲಿಂದ ಬಂತು?

ಅಂಕೋಲಾ ಅಕ್ಕ:
ಹೌದು! ನಮ್ಮಲ್ಲಿ ಗೊರಬು. ಅದು ಎಲೆಯದ್ದು. ಕಂಬಳಿ ಕೊಪ್ಪೆ ನೋಡಿದ್ದು ನಾನು ಶಿರಸಿಯ ಅತ್ತೆ ಮನೆಯಲ್ಲಿ. ಒದ್ದೆ ಕಂಬಳಿಯ ವಾಸನೆ, ಅದನ್ನು ಹೊಡತಲ ಬೆಂಕಿ ಮುಂದೆ ಒಣಗಿಸೋದು, ಎಲ್ಲ ನೆನಪಾಯಿತು. ಪ್ಲಾಸ್ಟಿಕ್ ಬಂದ ಮೇಲೆ ಎರಡೂ ಹೋದವು.

ಸಿದ್ದಾಪುರ ಕೊಟ್ಟಿಗೆ:
ಕಂಬಳಿ ಎಷ್ಟು ಒದ್ದೆಯಾದರೂ ಒಳಗೆ ಬೆಚ್ಚಗೆ ಇರುತ್ತಿತ್ತು. ಪ್ಲಾಸ್ಟಿಕ್ ಕೊಪ್ಪೆಯಲ್ಲಿ ಒಳಗಿಂದಲೇ ಬೆವರಿ ಒದ್ದೆ.

ಡಾಕ್ಟ್ರೇ, ಇವತ್ತು ಬಾಲದ ಬುಡ ಮುಟ್ಟಿ ನೋಡಿದೆ. ಎಡಗಡೆ ಸ್ವಲ್ಪ ಸಡಿಲ ಅನ್ನಿಸಿತು. ಅಕ್ಕಚ್ಚು ಅರ್ಧ ಕುಡಿದು ಬಿಟ್ಟಿದೆ.

ನಿವೃತ್ತ ಪಶುವೈದ್ಯ:
ಒಳ್ಳೆಯ ಲಕ್ಷಣ. ಕೊಟ್ಟಿಗೆಯಲ್ಲಿ ಬೇರೆ ಕಡೆ ಕಟ್ಟಿ. ಒಣ ದರಕು ದಪ್ಪಕ್ಕೆ ಹಾಕಿ. ಹಗ್ಗ ಉದ್ದ ಬಿಡಿ.

ಕುಮಟಾ ಮೇಷ್ಟ್ರು:
ಸೋಂದಾದವರೇ, ಆ ಗಿಮ್ಮರ್ ಅನ್ನೋದು ಎಲ್ಲಿಯ ಮಾತು?

ಸೋಂದಾ ತೋಟ:
ಹಳೆಯ ನಾರ್ಸ್ ಭಾಷೆಯ ಗಿಂಬ್ರ್ ಅನ್ನುವ ಮಾತಿನಿಂದ ಬಂದದ್ದು. ಸಾವಿರ ವರ್ಷದ ಹಿಂದೆ ಹಡಗಿನಲ್ಲಿ ಬಂದು ಅಲ್ಲಿ ನೆಲೆಸಿದವರ ಭಾಷೆ. ಅವರು ಜಾಸ್ತಿ ಇದ್ದ ಉತ್ತರದಲ್ಲಿ ಗಿಮ್ಮರ್ ಉಳಿಯಿತು. ದಕ್ಷಿಣದಲ್ಲಿ ಥೀವ್.

ಅಲ್ಲಿಯ ಮುದುಕರಿಗೆ ಕುರಿ ಎಣಿಸಲೂ ಬೇರೆ ಲೆಕ್ಕ ಗೊತ್ತು. ಯಾನ್, ತಾನ್, ತೆಥೆರಾ, ಮೆಥೆರಾ, ಪಿಂಪ್. ಇಪ್ಪತ್ತಕ್ಕೆ ಜಿಗ್ಗಿಟ್. ವೇಲ್ಸ್ ಭಾಷೆಯಲ್ಲೂ ಐದಕ್ಕೆ ಪಿಂಪ್ ಅಂತಲೇ ಕೇಳುತ್ತದೆ. ಇಪ್ಪತ್ತು ಎಣಿಸಿದರೆ ಒಂದು ಗುರುತು ಹಾಕಿ ಮತ್ತೆ ಯಾನ್‌ನಿಂದ ಶುರು. ಊರಿಂದ ಊರಿಗೆ ಸ್ವಲ್ಪ ಬದಲು.

ಬನವಾಸಿ ಗದ್ದೆ:
ನಮ್ಮಲ್ಲಿ ಕೊಳಗದಲ್ಲಿ ಭತ್ತ ಅಳೆಯುವಾಗ ಒಂದು ಅನ್ನುತ್ತಿರಲಿಲ್ಲ. "ಲಾಭ" ಅಂತ ಶುರು ಮಾಡಿ, ಆಮೇಲೆ ಎರಡು, ಮೂರು. ಅಜ್ಜ ಅಳೆಯುವಾಗ ನಡುವೆ ಯಾರೂ ಮಾತಾಡುವ ಹಾಗಿರಲಿಲ್ಲ.

ಕಾರವಾರ ಕಾಳಿ:
ಲಾಭ ಅನ್ನೋದು ನಮ್ಮ ಅಂಗಡಿಯಲ್ಲೂ ಇತ್ತು. ಅಪ್ಪ ಅಕ್ಕಿ ಅಳೆಯುವಾಗ ಹಾಗೇ ಹೇಳುತ್ತಿದ್ದರು.

ಭಟ್ಕಳ ಬದಿ:
ವಿಷಯ ಎಲ್ಲಿಗೋ ಹೋಯಿತು. ಕುರಿಯಿಂದ ಭತ್ತ, ಭತ್ತದಿಂದ ಅಂಗಡಿ. ನನ್ನ ಪ್ರಶ್ನೆ ಮುಂಡಗೋಡದವರಿಗೆ. ದನಕ್ಕೆ ನಮಗೆ ಇಷ್ಟು ಹೆಸರಿದೆ. ಕುರಿ ಕಾಯುವವರಿಗೆ ಕುರಿಯ ಮೇಲೆ ಅಷ್ಟೇ ಅಕ್ಕರೆ. ಮತ್ತೆ ಹಲ್ಲಿನ ಲೆಕ್ಕ ಮಾತ್ರ ಯಾಕೆ?

ಮುಂಡಗೋಡ ಹಟ್ಟಿ:
ಒಳ್ಳೆಯ ಪ್ರಶ್ನೆ. ಅಪ್ಪನನ್ನೇ ಕೇಳಿದೆ. ಅವರು ಹೇಳಿದ್ದು ಹೀಗೆ. ಸಂತೆಗೆ ಹೋದಾಗ ಮಾತ್ರ ಹಲ್ಲು ಬೇಕು. ವ್ಯಾಪಾರಿ ಬಾಯಿ ಬಿಡಿಸಿ ನೋಡುತ್ತಾನೆ, ಎರಡಲ್ಲು ಅಂತಾನೆ, ಬೆಲೆ ಹೇಳುತ್ತಾನೆ. ಹಿಂಡಿನಲ್ಲಿ ಹಾಗಲ್ಲ. ಒಂದೊಂದನ್ನೂ ಗುರುತು ಹಿಡಿದೇ ಕರೆಯುತ್ತೇವೆ. ಕೆಂಚಿ, ಕಪ್ಪಿ, ಮೋಟಕಿವಿ, ಹಣೆಚುಕ್ಕಿ. "ಕೆಂಚಿಯ ಮರಿ" ಅಂದರೆ ಸಾಕು, ಅದು ಯಾವ ಮಳೆಗೆ ಹುಟ್ಟಿತು, ತಾಯಿಗೆ ಹಾಲು ಎಷ್ಟಿತ್ತು, ಎಲ್ಲ ಅಪ್ಪನಿಗೆ ಗೊತ್ತು. ಗಂಡುಮರಿ ಐದಾರು ತಿಂಗಳಿಗೆ ಮಾರಿ ಹೋಗುತ್ತವೆ. ಹೆಣ್ಣುಮರಿ ಮಾರುವುದು ತೀರಾ ಕಷ್ಟಕ್ಕೆ ಬಂದಾಗ ಮಾತ್ರ. ಅದು ಹಿಂಡಿನ ಬೇರು. ಮೂರು ವರ್ಷದ ಕೆಳಗೆ ಆಸ್ಪತ್ರೆ ಖರ್ಚಿಗೆ ಅಂತ ಏಳು ಎರಡಲ್ಲು ಕುರಿ ಒಟ್ಟಿಗೆ ಮಾರಬೇಕಾಯಿತು. ಅವತ್ತು ಅಪ್ಪ ಊಟ ಮಾಡಲಿಲ್ಲ. ದುಡ್ಡು ಎಣಿಸಿಯೂ ನೋಡಲಿಲ್ಲ, ನನ್ನ ಕೈಗೆ ಕೊಟ್ಟರು.

ಅಂಕೋಲಾ ಅಕ್ಕ:
ಓದಿ ಗಂಟಲು ಕಟ್ಟಿತು ತಮ್ಮಾ. ಅಪ್ಪ ಈಗ ಹೇಗಿದ್ದಾರೆ?

ಮುಂಡಗೋಡ ಹಟ್ಟಿ:
ಆರಾಮ ಇದ್ದಾರೆ ಅಕ್ಕಾ. ಈ ವರ್ಷ ಒಂಬತ್ತು ಹೆಣ್ಣುಮರಿ ಉಳಿದಿವೆ. ಒಂದನ್ನೂ ಕೊಟ್ಟಿಲ್ಲ.

ಸೋಂದಾ ತೋಟ:
ನೀವು ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ ಅವಳು ಹೇಳಿದ್ದು ಇಷ್ಟು. ಅಲ್ಲಿಯ ಗುಡ್ಡಕ್ಕೆ ಬೇಲಿ ಇಲ್ಲ. ಆದರೂ ಒಂದು ಹಿಂಡು ಇನ್ನೊಂದರ ಜಾಗಕ್ಕೆ ಹೋಗುವುದಿಲ್ಲ. ತಮ್ಮ ಜಾಗ ಯಾವುದು ಅಂತ ಮರಿಗಳು ತಾಯಿಯ ಹಿಂದೆ ನಡೆದು ಕಲಿಯುತ್ತವೆ. ಅದಕ್ಕೆ ಹೆಫ್ಟ್ ಅನ್ನುತ್ತಾರೆ. ಹಾಗಾಗಿ ಹೆಣ್ಣುಮರಿ ಮಾರಿಬಿಟ್ಟರೆ ದಾರಿ ಗೊತ್ತಿರುವ ಕುರಿಯೇ ಇಲ್ಲವಾಗುತ್ತದೆ. ಜಮೀನು ಕೈ ಬದಲಾದರೂ ಹಿಂಡು ಗುಡ್ಡದ ಜೊತೆಗೇ ಉಳಿಯುವುದು ಹೆಚ್ಚು. ನಿಮ್ಮ ಅಪ್ಪ ಹೇಳಿದ "ಹಿಂಡಿನ ಬೇರು" ಅನ್ನುವ ಮಾತನ್ನು ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಯಲ್ಲಾಪುರ ಘಟ್ಟ:
ನಮ್ಮ ದನಗಳೂ ಹಾಗೇ ಅಲ್ವಾ? ಬೆಳಿಗ್ಗೆ ಬೆಟ್ಟಕ್ಕೆ ಬಿಟ್ಟರೆ ಸಂಜೆ ತಾವೇ ಬರುತ್ತವೆ. ಮುಂದೆ ಒಂದು ಹಳೆ ಆಕಳು, ಅದರ ಹಿಂದೆ ಮಣಕಗಳು. ಅಪ್ಪಯ್ಯ ಆ ಹಳೆ ಆಕಳ ಕೊರಳಿಗೇ ಗಂಟೆ ಕಟ್ಟುತ್ತಿದ್ದರು.

ಕುಮಟಾ ಮೇಷ್ಟ್ರು:
ಮುಂಡಗೋಡದವರೇ, ನಿಮ್ಮ ಮಾತು ಒಪ್ಪಿದೆ. ಎರಡಲ್ಲು ಕುರಿ ಅಂತಲೇ ಇರಲಿ. ಕಡಸುಗುರಿ ಬೇಡ. ಆದರೆ ಒಂದು ತಕರಾರು ಉಳಿಯಿತು. ಎರಡಲ್ಲು ಅಂದರೆ ದನಕ್ಕೂ ಕುರಿಗೂ ಒಂದೇ ಪ್ರಾಯವಾ?

ನಿವೃತ್ತ ಪಶುವೈದ್ಯ:
ಅಲ್ಲ. ದನಕ್ಕೆ ಎರಡಲ್ಲು ಬರುವುದು ಎರಡು ವರ್ಷ ದಾಟಿದ ಮೇಲೆ. ಬಾಯಿ ಕೂಡಲು ಐದು ವರ್ಷದ ಹತ್ತಿರ. ಕುರಿಗೆ ಎಲ್ಲವೂ ಬೇಗ. ಸೋಂದಾದವರ ಮಗಳು ನೋಟ್‌ಬುಕ್ಕಿನಲ್ಲಿ ಇದನ್ನು ಪಕ್ಕದಲ್ಲಿ ಬರೆದುಕೊಳ್ಳಲಿ. ಇನ್ನೊಂದು ವಿಷಯ. ಗಿಮ್ಮರ್ ಶುರುವಾಗುವುದು ಕತ್ತರಿ ಬಿದ್ದ ದಿನ, ಎರಡಲ್ಲು ಶುರುವಾಗುವುದು ಹಲ್ಲು ಮೂಡಿದ ದಿನ. ಪ್ರಾಯ ಹೆಚ್ಚು ಕಡಿಮೆ ಒಂದೇ, ಆದರೆ ಒಂದೊಂದು ಕುರಿಯಲ್ಲಿ ನಾಲ್ಕಾರು ತಿಂಗಳು ಹಿಂದೆ ಮುಂದೆ ಆಗಬಹುದು.

ಸೋಂದಾ ತೋಟ:
ಹಾಗೇ ಬರೆಸುತ್ತೇನೆ. ಗಿಮ್ಮರ್ ಲ್ಯಾಂಬ್ ಎದುರಿಗೆ ಹೆಣ್ಣುಮರಿ, ಗಿಮ್ಮರ್ ಹಾಗ್ ಎದುರಿಗೆ ಹಾಲಲ್ಲು ಕುರಿ, ಗಿಮ್ಮರ್ ಎದುರಿಗೆ ಎರಡಲ್ಲು ಕುರಿ. ಮಗಳು ಅಲ್ಲಿಯ ಒಬ್ಬ ಹಿರಿಯರಿಗೆ ನಮ್ಮ ಹಲ್ಲಿನ ಲೆಕ್ಕ ಹೇಳಿದಳಂತೆ. ಅವರೂ ಸಂತೆಯಲ್ಲಿ ಬಾಯಿ ಬಿಡಿಸಿ ನೋಡಿ ಟೂ ಟೂತ್, ಫೋರ್ ಟೂತ್ ಅಂತಲೇ ಹೇಳುವುದಂತೆ!

ಸಿದ್ದಾಪುರ ಕೊಟ್ಟಿಗೆ:
ಹಾಕಿತು! ಬೆಳಗಿನ ಜಾವ ನಾಲ್ಕೂವರೆಗೆ. ಹೆಣ್ಣು ಕರು. ಕೆಂದು ಬಣ್ಣ, ಹಣೆ ಮೇಲೆ ಬಿಳಿ ಬೊಟ್ಟು. ಅರ್ಧ ತಾಸಿನಲ್ಲಿ ಎದ್ದು ನಿಂತು ಕೆಚ್ಚಲು ಹುಡುಕಿತು. ಮಾಸು ಎಂಟು ಗಂಟೆಗೆ ಬಿತ್ತು. ಡಾಕ್ಟ್ರೇ, ನೀವು ಹೇಳಿದ ಹಾಗೆ ಕೈ ಹಾಕಲೇ ಇಲ್ಲ, ಪಕ್ಕದಲ್ಲಿ ಕೂತು ನೋಡಿದೆ ಅಷ್ಟೇ. ತುಂಬಾ ಉಪಕಾರ ಆಯಿತು.

ನಿವೃತ್ತ ಪಶುವೈದ್ಯ:
ಬಹಳ ಸಂತೋಷ. ಮೊದಲ ಹಾಲು ಕರು ಹೊಟ್ಟೆ ತುಂಬ ಕುಡಿಯಲಿ. ಹೊಕ್ಕುಳಿಗೆ ಅಯೋಡಿನ್ ಹಚ್ಚಿ.

ಮುಂಡಗೋಡ ಹಟ್ಟಿ:
ಹಣೆ ಮೇಲೆ ಬೊಟ್ಟು ಇದ್ದರೆ ಹೆಸರು ಇಟ್ಟಾಯಿತು. ಹಣೆಚುಕ್ಕಿ.

ಅಂಕೋಲಾ ಅಕ್ಕ:
ಗಿಣ್ಣು ಮಾಡ್ತೀರಲ್ಲ? ಸಕ್ಕರೆಯಾ ಬೆಲ್ಲವಾ?

ಸಿದ್ದಾಪುರ ಕೊಟ್ಟಿಗೆ:
ಜೋನಿಬೆಲ್ಲ ಅಕ್ಕಾ, ಜೊತೆಗೆ ಏಲಕ್ಕಿ. ಆದರೆ ಗಿಡ್ಡ ದನದ ಹಾಲು, ಕರು ಕುಡಿದು ಮಿಕ್ಕರೆ ಮಾತ್ರ. ಇವತ್ತು ಒಂದು ಲೋಟ ಮಿಕ್ಕಿದೆ. ಅಮ್ಮ ಈಗಲೇ ಒಲೆ ಹಚ್ಚಿದ್ದಾರೆ.